ಕೆಂಪು ಬಣ್ಣದ ಶನಿವಾರ

ನನ್ನ ಮಗಳು ಹಣೆಗೆ ಕಟ್ಟಿಕೊಳ್ಳುವ ಪಟ್ಟಿಯ ಬಗ್ಗೆ ಯಾರಾದರೂ ಕೇಳಿದರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಅಳು ಬರುತ್ತದೆ. ಒಮ್ಮೆಯೂ ಇದು ಹಿಂದುಮುಂದಾಗಿಲ್ಲ. ಕೇಳುವವರೇನೋ ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. "ನಮ್ಮ ಮಗನಿಗೂ ತರಿಸಬೇಕು ಅಂತಿದೀವಿ, ಹೇಗಿದೆ ರಿಸಲ್ಟು?" ಅನ್ನುತ್ತಾರೆ, ಮಿಕ್ಸರ್ ಗ್ರೈಂಡರ್ ಬಗ್ಗೆ ವಿಚಾರಿಸಿದ ಹಾಗೆ. ಚೆನ್ನಾಗಿದೆ, ತರಿಸಿ ಎಂದು ಹೇಳಿ ಮಾತು ಮುಗಿಸುತ್ತೇನೆ.

ಸುಳ್ಳಲ್ಲ, ಅದು ಚೆನ್ನಾಗಿಯೇ ಇತ್ತು. ಅವಳೇ ಆನ್‌ಲೈನಿನಲ್ಲಿ ತರಿಸಿಕೊಂಡಿದ್ದಳು. ಆಗ ನಾವು ಮೂವರೂ ಮೆಲ್ಬರ್ನಿನ ಟಾರ್ನೀಟ್‌ನಲ್ಲಿ ಒಂದೇ ಮನೆಯಲ್ಲಿದ್ದೆವು: ನಾನು, ನನ್ನ ಗಂಡ, ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದ ಮಗಳು. ಪಟ್ಟಿ ಕಪ್ಪಗೆ, ಬೆರಳಿನಷ್ಟು ಅಗಲವಿತ್ತು. ಒಳಬದಿಯಲ್ಲಿ ಹಣೆಗೂ ಕಿವಿಯ ಹಿಂದಕ್ಕೂ ತಾಗುವಂತೆ ಪುಟ್ಟ ಲೋಹದ ಬಿಲ್ಲೆಗಳು. ಮಿದುಳಿನಿಂದ ಬರುವ ಸಣ್ಣ ವಿದ್ಯುತ್ತನ್ನು ಅವು ಹಿಡಿಯುತ್ತವಂತೆ, ಫೋನಿನ ಆ್ಯಪ್ ಅದನ್ನು ಬಣ್ಣವಾಗಿ ತೋರಿಸುತ್ತದಂತೆ. ಹಸಿರು ಅಂದರೆ ಶಾಂತ. ಹಳದಿ ಅಂದರೆ ಹುಷಾರು. ಕೆಂಪು ಅಂದರೆ ತಲೆ ತುಂಬಿಹೋಗಿದೆ.

"ಕುಂಕುಮ ಹಚ್ಕೋ ಅಂದ್ರ ಹಣಿ ಮ್ಯಾಲೆ ಏನೂ ತಾಗಬಾರದು ಅಂತಿದ್ದಿ. ಈಗ ಇದು ತಾಗಬಹುದೇನವಾ?" ಎಂದು ಛೇಡಿಸಿದೆ.

"ಕುಂಕುಮ ಇಸ್ ಪೌಡರ್, ಅಮ್ಮಾ. ಪೌಡರ್ ಉದುರ್ತದೆ" ಎಂದಳು. ನನ್ನ ಕುಹಕಕ್ಕೆಲ್ಲ ಅವಳದು ಹೀಗೆ ನೇರ ಉತ್ತರ.

ಅವಳಿಗೆ ಆಟಿಸಂ ಮತ್ತು ಎಡಿಎಚ್‌ಡಿ ಎರಡೂ ಇವೆ ಎಂದು ನಮಗೆ ತಿಳಿದದ್ದು ಯೂನಿವರ್ಸಿಟಿ ಸೇರಿದ ಮೇಲೆ. ಅಲ್ಲಿಯವರೆಗೆ ನಮ್ಮ ಧಾರವಾಡದ ಕಡೆಯವರೂ ಇಲ್ಲಿನ ಪರಿಚಯದವರೂ ಸೇರಿ ಅವಳಿಗೆ ಮೊಂಡಿ, ಸೊಕ್ಕಿನಾಕಿ, ಮಾತಾಡಿಸಿದರೂ ಮಾತಾಡದಾಕಿ ಎಂದೆಲ್ಲ ಹೆಸರಿಟ್ಟಿದ್ದರು. ಅವಳ ಕಷ್ಟವೇನೆಂದರೆ, ಮೈಯೊಳಗೆ ಏನಾಗುತ್ತಿದೆ ಎಂಬುದು ಅವಳಿಗೇ ತಡವಾಗಿ ಗೊತ್ತಾಗುತ್ತದೆ. ಹಸಿವೆಯೋ ಸುಸ್ತೋ ಗದ್ದಲಕ್ಕೆ ತಲೆ ಕೆಟ್ಟಿದೆಯೋ ಎಲ್ಲವೂ ಒಂದೇ ಥರ ಅನ್ನುತ್ತಾಳೆ. ಗೊತ್ತಾಗುವ ಹೊತ್ತಿಗೆ ಕೈಮೀರಿರುತ್ತದೆ. ಸೂಪರ್ ಮಾರ್ಕೆಟ್ಟಿನ ನೆಲದ ಮೇಲೆ ಕುಳಿತುಬಿಟ್ಟಿದ್ದಾಳೆ, ಯಾರದೋ ಗೃಹಪ್ರವೇಶದಲ್ಲಿ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ತಾಸುಗಟ್ಟಲೆ ಹೊರಗೆ ಬಂದಿಲ್ಲ. ಹೊರಗೆ ನಿಂತು ನಾನು ಎಷ್ಟು ಸಲ ಕಂಡವರ ಮುಖ ನೋಡಿ ಹಲ್ಲುಕಿರಿದಿದ್ದೇನೋ ಲೆಕ್ಕವಿಲ್ಲ.

ಪಟ್ಟಿ ಬಂದ ಮೇಲೆ ಇದೆಲ್ಲ ಕಡಿಮೆಯಾಯಿತು. ಪೂರ್ತಿ ಹೋಯಿತು ಎನ್ನುವುದಿಲ್ಲ. ಸೈಕಾಲಜಿಸ್ಟ್ ಕೂಡ ಇದು ಔಷಧವೂ ಅಲ್ಲ, ಡಾಕ್ಟರ ಯಂತ್ರವೂ ಅಲ್ಲ, ಬರೀ ಅಂದಾಜು, ಉಪಯೋಗವಾದರೆ ಇಟ್ಟುಕೋ ಎಂದಿದ್ದರು. ಆದರೆ ಅಂಗಡಿಯಲ್ಲಿ ಹಳದಿ ಕಂಡ ಕೂಡಲೇ ಅವಳು ಬುಟ್ಟಿಯನ್ನು ನನ್ನ ಕೈಗಿಟ್ಟು ಕಾರಿಗೆ ಹೋಗಿ ಕೂರುತ್ತಿದ್ದಳು. ನಾನು ಬೇಳೆ, ರವೆ, ಕೊತ್ತಂಬರಿ ಎಲ್ಲ ತೆಗೆದುಕೊಂಡು ಬರುವ ಹೊತ್ತಿಗೆ ಹಸಿರಾಗಿರುತ್ತಿತ್ತು. ಮನೆಯವರಂತೂ ಆ ಪಟ್ಟಿಯನ್ನು ದೇವರ ಮುಂದಿಟ್ಟು ಪೂಜೆ ಮಾಡುವುದೊಂದು ಬಾಕಿ. ನನಗಾದರೂ ಏನು ಕಡಿಮೆ ಖುಷಿ? ಹುಟ್ಟಿದಾಗಿನಿಂದ ನನ್ನ ಮಗಳ ತಲೆಯೊಳಗೆ ಏನಿದೆ ಎಂದು ತಿಳಿಯದೆ ಒದ್ದಾಡಿದವಳು ನಾನು. ಈಗ ಫೋನು ತೆರೆದರೆ ಕಾಣುತ್ತಿತ್ತು.

ಆಮೇಲೆ ಅವಳಿಗೆ ಸಿಡ್ನಿಯಲ್ಲಿ ಕೆಲಸ ಸಿಕ್ಕಿತು. ಮ್ಯಾಕ್ವೆರಿ ಪಾರ್ಕ್‌ನ ಒಂದು ಔಷಧ ಕಂಪನಿಯಲ್ಲಿ, ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ. ಬೇಡ ಎಂದೆ. ಮೆಲ್ಬರ್ನಿನಲ್ಲಿ ಆಫೀಸುಗಳೇ ಇಲ್ಲವೇ ಎಂದೆ. ಅವಳು ಒಂದು ವಾರ ಅತ್ತಳು, ನಾನು ಎರಡು ವಾರ ಅತ್ತೆ. ಕೊನೆಗೆ ರಾಜಿಯಾಯಿತು. ಮನೆ ನಾನು ಹೇಳಿದ ಕಡೆ. ಅಲ್ಲಿನ ಪೆಂಡಲ್ ಹಿಲ್‌ನಲ್ಲಿ ನಮ್ಮ ಧಾರವಾಡದವರೇ ಒಬ್ಬರಿದ್ದಾರೆ, ನನಗಿಂತ ದೊಡ್ಡವರು, ನಾನು ಅಕ್ಕಾರ ಎಂದು ಕರೆಯುತ್ತೇನೆ. ಅವರ ಹಿತ್ತಲಿನಲ್ಲಿ ಬೇರೆ ಬಾಗಿಲಿರುವ ಒಂದು ರೂಮಿನ ಗ್ರ್ಯಾನಿ ಫ್ಲ್ಯಾಟ್ ಖಾಲಿಯಿತ್ತು. ಅಲ್ಲಿರಲು ಮಗಳು ಒಪ್ಪಿದಳು. ಒಪ್ಪಿ, ನನ್ನ ಫೋನು ಇಸಿದುಕೊಂಡು ತನ್ನ ಆ್ಯಪನ್ನು ಅದಕ್ಕೆ ಜೋಡಿಸಿಕೊಟ್ಟಳು. ಅವಳು ಸಿಡ್ನಿಯಲ್ಲಿ ಪಟ್ಟಿ ಕಟ್ಟಿಕೊಂಡರೆ ಟಾರ್ನೀಟ್‌ನಲ್ಲಿ ನನಗೆ ಬಣ್ಣ ಕಾಣಬೇಕು, ಹಾಗೆ.

"ಯೂ ಕ್ಯಾನ್ ಲುಕ್" ಎಂದಳು. "ಆದರೆ ನೋಡೋದು ಅಷ್ಟೇ. ಏನೂ ಮಾಡಬಾರದು. ನಾನೇ ಮ್ಯಾನೇಜ್ ಮಾಡ್ತೀನಿ. ಪ್ರಾಮಿಸ್?"

ಪ್ರಾಮಿಸ್ ಎಂದೆ. ಮಗಳು ಕಣ್ಣೆದುರಿಗಿದ್ದಾಗ ಯಾವ ತಾಯಿ ಇಲ್ಲ ಎನ್ನುತ್ತಾಳೆ?

ನಾನು ಒಂದು ಡೆಂಟಲ್ ಕ್ಲಿನಿಕ್ಕಿನ ರಿಸೆಪ್ಷನ್‌ನಲ್ಲಿ ಕೆಲಸ ಮಾಡುತ್ತೇನೆ. ಕೀಬೋರ್ಡಿನ ಪಕ್ಕದಲ್ಲೇ ಫೋನು ಒರಗಿಸಿಡುತ್ತಿದ್ದೆ. ಬೆಳಿಗ್ಗೆ ಅವಳು ರೈಲಿನಲ್ಲಿರುವಾಗ ಹಳದಿ. ಆಫೀಸಿಗೆ ಹೋಗಿ ಕೂತರೆ ಹಸಿರು. ಮಧ್ಯಾಹ್ನದ ಮೀಟಿಂಗುಗಳಲ್ಲಿ ಮತ್ತೆ ಹಳದಿ, ಕೆಲವು ದಿನ ಕೆಂಪು. ಹಲ್ಲುನೋವಿನವರು ನನ್ನ ಎದುರು ದವಡೆ ಹಿಡಿದುಕೊಂಡು ನಿಂತಿರುತ್ತಿದ್ದರು, ನನ್ನ ಕಣ್ಣೆಲ್ಲ ಆ ಬಣ್ಣದ ಮೇಲೆ. ನೋಡುವುದು ಅಷ್ಟೇ ಎಂದು ಹೇಳುವುದು ಸುಲಭ. ಒಲೆಯ ಮೇಲೆ ಹಾಲುಕ್ಕುವುದನ್ನು ಕೈಕಟ್ಟಿ ನಿಂತು ನೋಡು ಎಂದರೆ ಆಗುತ್ತದೆಯೇ? ಕೆಂಪಾದಾಗಲೆಲ್ಲ ನಾನು ಒಂದು ಮೆಸೇಜು ಕಳಿಸುತ್ತಿದ್ದೆ: ಊಟ ಆಯ್ತಾ?

ಇದಕ್ಕೂ ಬೈಸಿಕೊಂಡೆ. ಕೆಂಪು ಇರುವಾಗ ಒಂದು ಪ್ರಶ್ನೆಗೆ ಉತ್ತರ ಕೊಡುವುದೆಂದರೆ ಗುಡ್ಡ ಹತ್ತಿದಂತೆ ಎಂದಳು. ಯಾವ ಊಟ, ಎಷ್ಟು ತಿಂದರೆ ಊಟ, ಬಿಸ್ಕೆಟ್ಟು ಲೆಕ್ಕಕ್ಕೆ ಬರುತ್ತದೋ ಇಲ್ಲವೋ, ಇಷ್ಟೆಲ್ಲ ಯೋಚಿಸಬೇಕಂತೆ.

"ಅಯ್ಯ, ಅದು ಪ್ರಶ್ನೆ ಅಲ್ಲ ಬಿಡವಾ!" ಎಂದೆ. "ನಿನ್ನ ನೆನಪಾತು ಅಂತ ಅರ್ಥ."

"ಹಾಗಾದರೆ ನೆನಪಾಯ್ತು ಅಂತಲೇ ಬರಿ."

ನೆನಪಾಯಿತು ಎಂದು ಮಗಳಿಗೆ ಬರೆಯಲು ನನ್ನ ಕೈ ಬರಲಿಲ್ಲ. ನಮ್ಮಲ್ಲಿ ಯಾರು ಹಾಗೆಲ್ಲ ಬರೆಯುತ್ತಾರೆ? ಮೆಸೇಜು ನಿಲ್ಲಿಸಿ ಬರೀ ನೋಡುತ್ತ ಕೂತೆ. ಅದೊಂದು ಶಿಕ್ಷೆ. ಕೆಂಪು ಎಂದರೆ ಎಲ್ಲಿ ಕೆಂಪು, ಯಾರು ಏನೆಂದರು, ಬಿದ್ದಳೋ, ಅತ್ತಳೋ, ಯಾವುದೂ ಅದರಲ್ಲಿ ಕಾಣುವುದಿಲ್ಲ. ಮೊದಲಿಗೆ ಏನೂ ಗೊತ್ತಾಗದೆ ಒದ್ದಾಡುತ್ತಿದ್ದೆ, ಈಗ ಅರ್ಧ ಗೊತ್ತಾಗಿ ಒದ್ದಾಡುವುದು. ಎರಡರಲ್ಲಿ ಮೊದಲಿನದೇ ವಾಸಿ ಎಂದು ಎಷ್ಟೋ ಸಲ ಅನಿಸಿದೆ.

ಒಂದು ಶನಿವಾರ ಬೆಳಿಗ್ಗೆ ನಾನೂ ಮನೆಯವರೂ ಟಾರ್ನೀಟ್‌ನ ಇಂಡಿಯನ್ ಅಂಗಡಿಯಲ್ಲಿದ್ದೆವು. ಮೆಂತ್ಯದ ಸೊಪ್ಪಿನ ಕಟ್ಟು ಆರಿಸುತ್ತ ಸುಮ್ಮನೆ ಫೋನು ತೆಗೆದೆ. ಕೆಂಪು. ಶನಿವಾರ ಆಫೀಸಿಲ್ಲ, ರೈಲಿಲ್ಲ, ಮೀಟಿಂಗಿಲ್ಲ. ರೂಮಿನಲ್ಲಿ ಒಬ್ಬಳೇ ಇರುವ ದಿನ ಯಾತರ ಕೆಂಪು? ಸ್ವಲ್ಪ ಕಾದೆ. ಸೊಪ್ಪು ತೂಗಿಸಿದೆ, ಮತ್ತೆ ನೋಡಿದೆ, ಇನ್ನೂ ಗಾಢವಾಗಿತ್ತು. ಫೋನು ಮಾಡಿದೆ, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ. ಕಾರಿಗೆ ಬಂದು ಕೂತು ಮತ್ತೊಮ್ಮೆ ಮಾಡಿದೆ.

"ಅಕಿ ಹೇಳ್ಯಾಳಲ್ಲ, ಬರೇ ನೋಡಂತ" ಎಂದರು ಮನೆಯವರು. ಅವರ ಮುಖವೂ ಸಪ್ಪಗಾಗಿತ್ತು.

"ನೋಡಿ ನೋಡಿ ಸಾಯ್ಲೇನ್ರೀ ನಾ?" ಎಂದು ಅವರ ಮೇಲೆ ಹರಿಹಾಯ್ದೆ. ಆಮೇಲೆ ಅಕ್ಕಾರಿಗೆ ಫೋನು ಮಾಡಿದೆ.

ಈಗಲೂ ಕೇಳುತ್ತೇನೆ, ಮತ್ತೇನು ಮಾಡಬೇಕಿತ್ತು? ನಾನು ಬೆಳೆದ ಕಡೆ ಒಬ್ಬರಿಗೆ ಕಷ್ಟ ಎಂದು ಗೊತ್ತಾದರೆ ಅವರನ್ನು ಒಂಟಿಯಾಗಿ ಬಿಡುವುದಿಲ್ಲ. ಯಾರಾದರೂ ಹೋಗಿ ಬಾಗಿಲು ತಟ್ಟುತ್ತಾರೆ. ಕರೆದಿದ್ದಾರೆಯೇ ಎಂದು ನೋಡುವುದಿಲ್ಲ. ಪಕ್ಕದಲ್ಲಿ ಕೂರುತ್ತಾರೆ, ಬೇಡವೆಂದರೂ ತಾಟು ಮುಂದಿಡುತ್ತಾರೆ, ತಲೆ ಮೇಲೆ ಕೈಯಾಡಿಸುತ್ತಾರೆ. ಈ ದೇಶಕ್ಕೆ ಬಂದ ಮೇಲೂ ನಾವು ಅದನ್ನು ಬಿಟ್ಟಿಲ್ಲ. ನನ್ನ ಅಪ್ಪ ಹೋದ ಸುದ್ದಿ ಬಂದು, ಟಿಕೆಟು ಸಿಗದೆ ಇಲ್ಲೇ ಕೂತು ಅಳುತ್ತಿದ್ದಾಗ, ಅರ್ಧ ಸಬರ್ಬಿನ ಕನ್ನಡದವರು ನಮ್ಮ ಮನೆಯ ನಡುಮನೆಯಲ್ಲಿದ್ದರು. ಅನ್ನ ಸಾರಿನ ಡಬ್ಬಿ ಇಡಲು ಫ್ರಿಜ್ಜಿನಲ್ಲಿ ಜಾಗವಿರಲಿಲ್ಲ. ನಾನು ಬದುಕಿದ್ದು ಹಾಗೆ. ನನಗೆ ಬೇರೆ ದಾರಿ ಗೊತ್ತಿಲ್ಲ.

"ಒಂಚೂರು ಬಾಗಲಾ ಬಡದು ನೋಡ್ರಿ ಅಕ್ಕಾರ, ಅಷ್ಟ" ಎಂದೆ.

"ಅಯ್ಯ, ಅದಕ್ಕೇನು! ಈಗಷ್ಟ ಉಪ್ಪಿಟ್ಟು ಇಳಿಸೇನಿ, ಹಂಗ ಒಯ್ದು ಕೊಡ್ತೀನಿ. ನೀವು ವಿಡಿಯೋದಾಗ ಇರ್ರಿ, ನಿಮಗೂ ಸಮಾಧಾನ ಆಗ್ತದ" ಎಂದರು.

ಅಂಗಡಿಯ ಪಾರ್ಕಿಂಗಿನಲ್ಲಿ ಕೂತು ನಾನೂ ಮನೆಯವರೂ ಆ ವಿಡಿಯೋ ನೋಡಿದೆವು. ಮೊದಲು ಅಕ್ಕಾರ ಹಿತ್ತಲು, ಒಣಗಲು ಹಾಕಿದ ಬಟ್ಟೆ. ಆಮೇಲೆ ಬಾಗಿಲು. ತಟ್ಟಿದರು, ಹೆಸರು ಹಿಡಿದು ಕೂಗಿದರು, ಮತ್ತೆ ತಟ್ಟಿದರು. ಉತ್ತರವಿಲ್ಲ. ಒಳಗಿನಿಂದ ಕೂಗಿದಂಥ ಏನೋ ದನಿ ಮಾತ್ರ ಅಸ್ಪಷ್ಟವಾಗಿ ಬರುತ್ತಿತ್ತು. "ನನ್ನ ಕಡೆ ಇನ್ನೊಂದು ಕೀಲಿ ಅದ, ತಗೀಲೇನು?" ಎಂದು ಕೇಳಿದರು. ತಗೀರಿ ಎಂದು ನಾನು ಹೇಳಿದೆನೋ, ಮನೆಯವರು ಹೇಳಿದರೋ, ಇಬ್ಬರೂ ಸೇರಿ ಕೂಗಿದೆವೋ.

ಬಾಗಿಲು ತೆಗೆದ ಕ್ಷಣ ಚಿತ್ರ ಅಲುಗಾಡಿತು. ಯಾರೋ ಚೀರಿದ್ದು ಕೇಳಿಸಿತು. ಅದು ನನ್ನ ಮಗಳ ದನಿ ಎಂದು ತಿಳಿಯಲು ಸ್ವಲ್ಪ ಹೊತ್ತೇ ಬೇಕಾಯಿತು. ಫೋನು ಸರಿಹೋದಾಗ ಅವಳು ಮೇಜಿನ ಕೆಳಗಿದ್ದಳು. ಮೊಣಕಾಲಿಗೆ ಮುಖ ಒತ್ತಿ, ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಹಿಂದೆ ಮುಂದೆ ತೂಗುತ್ತಿದ್ದಳು. ಅಕ್ಕಾರ ಬಗ್ಗಿ ಅವಳ ಬೆನ್ನು ಸವರುತ್ತಿದ್ದರು. ಸವರಿದಷ್ಟೂ ಅವಳು ಗೋಡೆಗೆ ಒತ್ತಿಕೊಳ್ಳುತ್ತಿದ್ದಳು.

"ನೋಡವಾ, ನಿಮ್ಮವ್ವ ಬಂದಾಳ ನೋಡು" ಎಂದು ಅಕ್ಕಾರ ಫೋನನ್ನು ಅವಳ ಮುಖದ ಹತ್ತಿರ ಹಿಡಿದರು. ನಾನು ಏನೇನೋ ಹೇಳಿದೆ. ಬಂಗಾರಿ ಎಂದೆ, ಅಮ್ಮ ಇದ್ದಾಳೆ ಎಂದೆ, ಉಸಿರು ತಗೋ ಎಂದೆ. ನನ್ನ ದನಿ ಕೇಳುತ್ತಿದ್ದಂತೆ ಅವಳು ಹಣೆಯನ್ನು ಮೊಣಕಾಲಿಗೆ ಬಡಿದುಕೊಳ್ಳತೊಡಗಿದಳು. ಬಾಯಿ ಮುಚ್ಚಬೇಕು ಎಂದು ತಿಳಿಯುತ್ತಿತ್ತು, ಮುಚ್ಚಲು ಆಗುತ್ತಿರಲಿಲ್ಲ.

ಅಷ್ಟರಲ್ಲಿ ಅಕ್ಕಾರಿಗೆ ಹೊಳೆದದ್ದು ದೃಷ್ಟಿ ತೆಗೆಯುವುದು. "ಹುಡುಗಿಗೆ ಯಾರದೋ ಕಣ್ಣು ತಾಗೇದ" ಎಂದು ಫೋನನ್ನು ಕಪಾಟಿಗೆ ಒರಗಿಸಿ ತಮ್ಮ ಮನೆಗೆ ಓಡಿದರು. ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ವಾಪಸು ಬಂದರು. ಮೇಜಿನ ಕೆಳಗೆ ಬಗ್ಗಿ ಮಗಳಿಗೆ ನಿವಾಳಿಸಿದರು, ಅಲ್ಲೇ ಇದ್ದ ಸಣ್ಣ ಒಲೆ ಹಚ್ಚಿ ಬಾಣಲೆಗೆ ಸುರಿದರು. ಅಕ್ಕಾರ ಪ್ರೀತಿ ಎಂಥದ್ದು ಎಂದು ನನಗೆ ಗೊತ್ತು. ಯಾರೋ ಏನೋ ಮಾಡುತ್ತಿದ್ದಾರಲ್ಲ ಎಂದು ಒಂದು ಗಳಿಗೆ ನನಗೂ ಹಾಯೆನಿಸಿತು.

ಆ ರೂಮೋ ಬೆಂಕಿಪೊಟ್ಟಣದಷ್ಟು. ಮೆಣಸಿನಕಾಯಿಯ ಘಾಟು ಮೇಲೇರಿದ್ದೇ ತಡ, ಸೀಲಿಂಗಿನ ಸ್ಮೋಕ್ ಅಲಾರ್ಮು ಹೊಡೆದುಕೊಳ್ಳತೊಡಗಿತು. ಅಯ್ಯೋ ಶಿವನೇ, ಆ ಸದ್ದು! ಮೆಲ್ಬರ್ನಿನಲ್ಲಿ ಕಾರಿನೊಳಗೆ ಕೂತ ನಮಗೇ ಕಿವಿ ಸೀಳಿತು. ಅಕ್ಕಾರ ಕೆಮ್ಮುತ್ತ ಟವೆಲ್ಲು ಬೀಸಿದರು, ಪೊರಕೆಯಿಂದ ಅಲಾರ್ಮಿಗೆ ಹೊಡೆದರು. ಮೇಜಿನ ಕೆಳಗಿದ್ದ ನನ್ನ ಮಗಳು ಚೀರುವುದನ್ನೂ ನಿಲ್ಲಿಸಿದಳು. ಬಾಯಿ ತೆರೆದೇ ಇತ್ತು, ದನಿ ಬರುತ್ತಿರಲಿಲ್ಲ. ಎಂಟುನೂರೋ ಒಂಬೈನೂರೋ ಕಿಲೋಮೀಟರು ದೂರ ಕೂತು, ತೊಡೆಯ ಮೇಲೆ ಮೆಂತ್ಯದ ಸೊಪ್ಪಿನ ಚೀಲ ಇಟ್ಟುಕೊಂಡು, ನಾನು ಇದನ್ನೆಲ್ಲ ನೋಡಿದೆ. ನನ್ನ ಜೀವಮಾನದಲ್ಲಿ ಅಷ್ಟು ಕೈಲಾಗದವಳು ನಾನು ಯಾವತ್ತೂ ಆಗಿರಲಿಲ್ಲ.

ಮರುದಿನದ ವಿಮಾನಕ್ಕೆ ಇಬ್ಬರೂ ಹೋದೆವು. ಅಕ್ಕಾರ ತಮ್ಮ ಅಡುಗೆಮನೆಯಲ್ಲಿ ಕೂತು ಅತ್ತರು. "ನಾ ಏನು ಕೆಟ್ಟದ್ದು ಮಾಡಿದ್ನವಾ?" ಎಂದು ಕೇಳಿದರು. ಅವರ ಕೈ ಹಿಡಿದುಕೊಂಡೆ. ಹಿತ್ತಲಿನ ರೂಮಿನಲ್ಲಿ ಮಗಳು ಮಾತಾಡುತ್ತಿರಲಿಲ್ಲ. ಸಿಟ್ಟಿಗಲ್ಲ. ಹೀಗೆಲ್ಲ ಆದಾಗ ಅವಳಿಗೆ ಮಾತೇ ಹೋಗುತ್ತದೆ, ನಾಲಿಗೆಗೆ ಬರುವುದಿಲ್ಲ. ಬೇಕಾದ್ದನ್ನು ಫೋನಿನಲ್ಲಿ ಟೈಪ್ ಮಾಡಿ ತೋರಿಸುತ್ತಿದ್ದಳು. ಮೊದಲು ತೋರಿಸಿದ್ದು, ಇಲ್ಲಿ ಇರುವುದಿಲ್ಲ ಎಂದು. ಆಫೀಸಿನ ಹತ್ತಿರವೇ ಒಂದು ರೂಮು ನೋಡಿಕೊಂಡಳು. ನಾನು ರಜೆ ಹಾಕಿ ಉಳಿದೆ. ಮನೆಯವರು ಬಾಡಿಗೆ ವ್ಯಾನು ತಂದು ಸಾಮಾನು ಹೊತ್ತರು, ಮೇಜು ಜೋಡಿಸಿದರು. ಅವರಿಗಾದರೂ ಮಾಡಲು ಕೆಲಸವಿತ್ತು.

ಹೊಸ ರೂಮಿಗೆ ಬಂದ ಮೇಲೆ ಅವಳ ಮಾತು ಚೂರುಚೂರಾಗಿ ಮರಳಿತು. ನಾವು ಹೊರಡುವ ದಿನ ಮನೆಯವರು ಬಾಡಿಗೆ ಕಾರಿನಲ್ಲಿ ಕಾಯುತ್ತಿದ್ದರು. ಮಗಳು ನನ್ನ ಎದುರಿಗೆ ಕೂತು ಕೈ ಚಾಚಿದಳು.

"ಫೋನ್ ಕೊಡು, ಅಮ್ಮಾ. ಆ್ಯಪ್ ತೆಗೀಬೇಕು."

"ಅದೊಂದು ತಗೀಬ್ಯಾಡವಾ" ಎಂದೆ. "ಇನ್ನ ಯಾರನ್ನೂ ಕಳಸೂದಿಲ್ಲ. ಫೋನ್ ಮಾಡೂದಿಲ್ಲ. ಸುಮ್ನ ಮೂಲ್ಯಾಗ ಇರ್ಲಿ."

ಇಲ್ಲ ಎಂದು ತಲೆಯಾಡಿಸಿದಳು. ನನಗೆ ಸಿಟ್ಟು ಬಂತು. ಅಷ್ಟು ದಿನ ನುಂಗಿಕೊಂಡದ್ದೆಲ್ಲ ಹೊರಬಿತ್ತು. "ಮತ್ತೇನು ಮಾಡಬೇಕಿತ್ತು ನಾ? ಮುಂಜಾನಿಂದ ಕೆಂಪು ಇತ್ತು. ನೀ ಒಬ್ಬಾಕೀನ ಆ ರೂಮಿನಾಗ ಅಷ್ಟು ತ್ರಾಸ ಪಡ್ಲಿಕ್ಕತ್ತಿದ್ದಿ, ನಾ ಅಲ್ಲಿ ಸೊಪ್ಪು ಆರಿಸ್ಕೋತ ನಿಂದರ್ಬೇಕಿತ್ತೇನು? ಹೆತ್ತಾಕಿ ಅದೀನಿ ನಾ!"

ಅವಳು ನನ್ನ ಮುಖ ನೋಡಲಿಲ್ಲ. ಅವಳು ಮುಖ ನೋಡಿ ಮಾತಾಡುವುದು ಕಡಿಮೆ. ಕಾರ್ಪೆಟ್ಟಿನ ದಾರವೊಂದನ್ನು ಎಳೆಯುತ್ತ, ಇಂಗ್ಲಿಷು ಕನ್ನಡ ಬೆರೆಸಿ ನಿಧಾನವಾಗಿ ಹೇಳಿದಳು.

"ತ್ರಾಸ ಇರಲಿಲ್ಲ, ಅಮ್ಮಾ. ಐ ವಾಸ್ ಹ್ಯಾಪಿ."

ನನಗೆ ಅರ್ಥವಾಗಲಿಲ್ಲ.

"ಹೆಡ್‌ಫೋನ್ ಹಾಕ್ಕೊಂಡು ಕುಣೀತಿದ್ದೆ. ಜೋರಾಗಿ ಹಾಡ್ತಿದ್ದೆ. ಅದಕ್ಕೇ ಫೋನ್ ನೋಡಲಿಲ್ಲ, ಬಾಗಿಲು ತಟ್ಟಿದ್ದೂ ಕೇಳಿಸಲಿಲ್ಲ. ಕುಣಿದರೂ ಕೆಂಪು ಬರುತ್ತೆ, ನಕ್ಕರೂ ಬರುತ್ತೆ. ಅದಕ್ಕೆ ಡಿಫರೆನ್ಸ್ ಗೊತ್ತಾಗಲ್ಲ."

ಬಾಗಿಲು ತೆಗೆದಾಗ ಕ್ಯಾಮೆರಾ ಅಲುಗಾಡಿತ್ತಲ್ಲ. ಚೀರಿದ್ದು ಅದಾದ ಮೇಲೆ. ಮೇಜಿನ ಕೆಳಗೆ ಹೋದದ್ದು ಅದಾದ ಮೇಲೆ. ನಾನು ನೋಡಿದ್ದೆಲ್ಲ ನಾನು ಕಳಿಸಿದವರು ಒಳಗೆ ಕಾಲಿಟ್ಟ ನಂತರದ್ದು.

"ಏನಾಗಿತ್ತವಾ ಅವತ್ತು? ಏನರೆ ಛೊಲೋ ಸುದ್ದಿ ಬಂದಿತ್ತೇನು?" ಎಂದು ಕೇಳಿದೆ. ಅಷ್ಟು ಖುಷಿಪಡಲು ಏನಾದರೂ ಇರಬೇಕಲ್ಲ, ಪ್ರಮೋಷನ್ನೋ, ಯಾರಾದರೂ ಹುಡುಗನೋ.

ಅವಳು ಯೋಚಿಸಿದಳು. "ಏನೂ ಇರಲಿಲ್ಲ" ಎಂದಳು. "ಶನಿವಾರ ಇತ್ತು. ಯಾರೂ ಇರಲಿಲ್ಲ. ಅಷ್ಟೇ."

ಫೋನು ಕೊಟ್ಟೆ. ಅವಳು ಆ್ಯಪು ತೆಗೆದು, ತೆರೆಯನ್ನು ತನ್ನ ಅಂಗಿಯ ತುದಿಯಿಂದ ಒರೆಸಿ ವಾಪಸು ಕೊಟ್ಟಳು. ಇಪ್ಪತ್ತು ವರ್ಷ ಮೇಲಾಯಿತು ಅವಳನ್ನು ಹೆತ್ತು. ಅವಳು ಕುಣಿಯುವುದನ್ನು ನಾನು ನೋಡಿಯೇ ಇಲ್ಲ. ಜೋರಾಗಿ ಹಾಡುತ್ತಾಳೆ ಎಂಬುದೂ ನನಗೆ ಗೊತ್ತಿರಲಿಲ್ಲ. ಕೆಳಗಿನಿಂದ ಮನೆಯವರು ಒಂದು ಸಲ ಹಾರನ್ ಹೊಡೆದರು. ಎದ್ದು ಬಾಗಿಲ ತನಕ ಹೋದವಳಿಗೆ ತಡೆಯಲಾಗಲಿಲ್ಲ.

"ಒಮ್ಮೆರೆ ನಾ ಇದ್ದಾಗ ಹಂಗ ಕುಣಿತೀಯೇನವಾ?" ಎಂದು ಕೇಳಿದೆ.

ಹ್ಞೂಂ ಎಂದುಬಿಟ್ಟಿದ್ದರೆ ಅವಳ ಗಂಟೇನೂ ಹೋಗುತ್ತಿರಲಿಲ್ಲ. ಅವಳು ದಾರ ಎಳೆಯುವುದನ್ನು ನಿಲ್ಲಿಸಿ, ನನಗೆ ನೋವಾಗದಂತೆ ಹೇಳುವುದು ಹೇಗೆ ಎಂದು ಹುಡುಕಿದಳು. ಹುಡುಕುತ್ತಿರುವುದು ಅವಳ ಮುಖದಲ್ಲೇ ಕಾಣುತ್ತಿತ್ತು.

"ಟ್ರೈ ಮಾಡಿದೀನಿ, ಅಮ್ಮಾ" ಎಂದಳು. "ಆಗಲ್ಲ."